ಮೊದಲ ಮಳೆಯ ಪೈಪು

ನಮ್ಮ ಬಾಗಿ ಅಜ್ಜಿಗೆ ಬುದ್ಧಿ ಹೇಳುವುದೂ ಒಂದೇ, ಗೋರ್ಕಲ್ಲ ಮೇಲೆ ಮಳೆ ಸುರಿಯುವುದೂ ಒಂದೇ. ಸುಳ್ಳಲ್ಲ, ಕೇಳಿ.

ಬೇಸಿಗೆ ಬಂತೆಂದರೆ ಉಪ್ಪುಂದದ ನಮ್ಮ ಕೇರಿಯ ಬಾವಿಗಳೆಲ್ಲ ಉಪ್ಪು. ನಮ್ಮದೊಂದೇ ಸ್ವಲ್ಪ ವಾಸಿ, ಹಾಗಾಗಿ ಎಲ್ಲರ ಕೊಡಪಾನವೂ ನಮ್ಮ ಅಂಗಳಕ್ಕೇ. ಕಳೆದ ವರ್ಷ ಶಾಲೆಯ ವಿಜ್ಞಾನ ಪ್ರಾಜೆಕ್ಟಿಗೆಂದು ನಾವು ಮಕ್ಕಳೇ ಸೇರಿ ತಾರಸಿಯ ಮಳೆನೀರನ್ನು ಆ ಬಾವಿಗೆ ಇಳಿಸುವ ಪೈಪು ಹಾಕಿದ್ದೆವು. ಬೇಸಿಗೆಯಿಡೀ ತಾರಸಿಯಲ್ಲಿ ಒಣಮೀನು ಹರವಿರುತ್ತೇವೆ. ಕಾಗೆ, ಬೆಕ್ಕುಗಳ ಹೊಲಸೆಲ್ಲ ಅಲ್ಲೇ. ಮೊದಲ ಮಳೆಯ ನೀರು ಹೊರಗೆ ಹೋಗಲೆಂದೇ ಪೈಪಿಗೊಂದು ವಾಲ್ವ್ ಇಟ್ಟು, ಅಜ್ಜಿಗೆ ಹೇಳಿ ಹೇಳಿ ನನಗೆ ಬಾಯಿನೋವು ಬಂದಿತ್ತು.

ಈ ಸಲ ಮೊದಲ ಮಳೆ ಬಿದ್ದಾಗ ನಾನು ಶಾಲೆಯಲ್ಲಿದ್ದೆ. ಅಜ್ಜಿ ವಾಲ್ವನ್ನು ಬಾವಿಗೇ ತಿರುಗಿಸಿಟ್ಟಿದ್ದಳು!

"ದೇವ್ರ್ ಕೊಟ್ಟ ನೀರ್ ತೋಡಿಗ್ ಬಿಡೂದಾ? ನಿಂಗ್ ಮಂಡೆ ಸಮ ಇಲ್ಯಾ ಶರಣ್ಯಾ?" ಎಂದು ನನಗೇ ಬೈದಳು. ಹರೆಯದಲ್ಲಿ ಗುಡ್ಡದಾಚೆಯಿಂದ ನೀರು ಹೊತ್ತ ಹೆಂಗಸು ಅವಳು.

ಮಳೆನೀರು ಏನೇನು ತೊಳೆದು ತರುತ್ತದೆಂದು ನೋಡಲು ಶ್ರೀಲತಾ ಟೀಚರ್ ಒಳಗೆ ಮದ್ದು ಹಾಕಿದ ಪರೀಕ್ಷೆಯ ಕುಪ್ಪಿಗಳನ್ನು ಕೊಟ್ಟಿದ್ದರು. ನಾನು ನಮ್ಮ ಬಾವಿಯ ನೀರು ತುಂಬಿಸಿ ಶಾಲೆಯಲ್ಲಿಟ್ಟೆ. ಮಾರನೆಯ ಸಂಜೆಗೆ ಅದು ಮಸಿಯಷ್ಟು ಕಪ್ಪು. ಹೊಲಸು ಸೇರಿದರೆ ಮಾತ್ರ ಹಾಗಾಗುವುದು.

"ಓಡ್! ಬ್ಲೀಚಿಂಗ್ ಹಾಕೂವರೆಗೆ ಯಾರೂ ಕುಡೂಕಾಗ ಅಂದೇಳಿ ಹೇಳ್" ಎಂದರು ಟೀಚರ್.

ಕುಪ್ಪಿ ಹಿಡಿದು ಓಡಿದೆ. ಅಜ್ಜಿಗೆ ಲೆಕ್ಕವೇ ಇಲ್ಲ.

"ಈ ಬಾಮಿ ದಂಡೆಗ್ ಬಂದವ್ರಿಗೆ ಇಲ್ಲ ಅಂದ ಬಾಯಲ್ಲ ನಂದ್. ಒಂದ್ ಕುಪ್ಪಿ ಕಪ್ಪಾಯ್ತ್ ಅಂದೇಳಿ ಈಗ ಹೇಳೂದಾ?"

ನನಗೆ ಸಿಟ್ಟು ನೆತ್ತಿಗೇರಿತು. ಕುಪ್ಪಿಯ ಮುಚ್ಚಳ ತೆಗೆದು ಅವಳ ಮೂಗಿಗೇ ಹಿಡಿದೆ. ಕೊಳೆತ ಮೊಟ್ಟೆಯ ನಾತ. ಅಜ್ಜಿಯ ಮುಖ ಬಿಳಿಚಿಕೊಂಡಿತು. ನನಗೆ ಪಾಪ ಅನಿಸಿತು, ಆದರೂ ಮುಚ್ಚಳ ಹಾಕಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಸುಗುಣಕ್ಕ ಕೊಡಪಾನ ಹಿಡಿದು ಬಂದಳು. ಅಜ್ಜಿ ಬಾವಿಗೆ ಅಡ್ಡ ನಿಂತಳು.

"ಸುಗುಣಾ, ನೀರ್ ಇಲ್ಲೆ."

"ಎಂತ ಬಾಗಿಯಮ್ಮ? ನಿನ್ನೆ ಸಂಜೆ ಒಣಮೀನಿನ್ ಮಾತಿಗ್ ಜಗಳ ಆದ್ದಕ್ಕಾ? ಸಣ್ಣ್ ಮಗು ಇಪ್ಪ ಮನೆಗೂ ನೀರ್ ಇಲ್ಯಾ?"

"ಅಲ್ದೇ ಹೆಣ್ಣೆ, ನೀರ್ ಹಾಳಾಯ್ತ್. ನಾನೇ ಹಾಳ್ ಮಾಡ್ದೆ. ಕುಡೂಕಾಗ."

ಸುಗುಣಕ್ಕ ಕೊಡಪಾನ ಕೆಳಗಿಡಲಿಲ್ಲ.

"ನಿನ್ನೆ ಮಗಿಗ್ ಮೊದಲ್ ಅನ್ನ ಬಾಗಿಯಮ್ಮ. ಮೊದಲ್ ಗುಟುಕ್ ಈ ಬಾಮಿದೇ ಬೇಕ್, ಕಾಸೂದ್ ಬ್ಯಾಡ ಅಂದೇಳಿ ನೀವೇ ಬಂದ್ ಕುಡ್ಸಿದ್ರಿ. ಬೆಳಿಗ್ಗೆಂದ ಭೇದಿ ನಿಲ್ತಿಲ್ಲ. ಬಟ್ಟೆ ತೊಳೂಕ್ ನೀರಿಗ್ ಬಂದೆ."

ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿಯನ್ನೂ ಹಾಕದೆ ಅವರ ಮನೆಯತ್ತ ಓಡಿದಳು. "ಹ್ವಾಯ್, ರಿಕ್ಷಾ ಕರೀನಿ, ಯಾರಾರೂ ರಿಕ್ಷಾ ಕರೀನಿ" ಎಂದು ಕೇರಿಯುದ್ದಕ್ಕೂ ಕೂಗುತ್ತಿದ್ದಳು.