ಹನ್ನೊಂದು ಗಂಟೆಗೆ ಮುಚ್ಚುವ ಹೂ

೧.

ಹೇಗೆ ಶುರು ಮಾಡುದು ಮಾರಾಯ್ರೆ? "ಆಲೆಟ್ಟಿಗೆ ವಸಂತ ಬಂದಿತ್ತು" ಎಂದು ಬರೆದೆ. ನನಗೇ ನಾಚಿಕೆಯಾಗಿ ಹೊಡೆದು ಹಾಕಿದೆ. ಆಲೆಟ್ಟಿಯಲ್ಲಿ ಯಾರ ಬಾಯಲ್ಲೂ ಆ ಶಬ್ದ ಬರುದಿಲ್ಲ. ಮಾರ್ಚ್ ತಿಂಗಳೆಂದರೆ ಬಸಳೆ ಚಪ್ಪರಕ್ಕೆ ಎರಡು ಹೊತ್ತು ನೀರು, ಅಲಸಂಡೆ ಬುಡಕ್ಕೆ ತರಗೆಲೆ, ಹರಿವೆ ಸಾಲಿನಿಂದ ಕೋಳಿ ಓಡಿಸುದು. ಇಷ್ಟೇ.

ಆಮೇಲೆ "ಕಮಲಾವತಿ ಬೆಳಿಗ್ಗೆ ಎದ್ದಾಗ" ಎಂದು ಶುರು ಮಾಡಿದೆ. ಎದ್ದವರು ಹಲ್ಲುಜ್ಜಬೇಕು, ಒಲೆ ಹಚ್ಚಬೇಕು, ತಿಂಡಿ ಆಗಬೇಕು. ಕಥೆ ಅಂಗಳಕ್ಕೆ ಇಳಿಯುವಾಗ ಮಧ್ಯಾಹ್ನ! ಅದನ್ನೂ ಬಿಟ್ಟೆ.

(ಈ ಗಲಾಟೆಯಲ್ಲಿ ಗಂಟೆ ಒಂಬತ್ತೂಕಾಲು ಆಯಿತು. ಅದು ಯಾಕೆ ಮುಖ್ಯ ಎಂದು ಈಗ ಹೇಳುತ್ತೇನೆ.)

೨.

ಕಮಲಾವತಿಯಕ್ಕನ ಮನೆಯ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಸೊಪ್ಪಿಗೆಂದು ನೆಟ್ಟ ಗೊಬ್ಬರದ ಗಿಡಕ್ಕೆ ಹಬ್ಬಿದ ಒಂದು ವೆನಿಲ್ಲಾ ಬಳ್ಳಿ. ಇಪ್ಪತ್ತು ವರ್ಷದ ಹಿಂದೆ ಊರಿಡೀ ಇದ್ದ ಬಳ್ಳಿಗಳು ರೋಗ ಬಂದು ಕೊಳೆತು ಹೋದವು. ಇದೊಂದು ಹೇಗೋ ಉಳಿಯಿತು. ಇದರ ಹೂ ಅರಳುದು ಒಂದೇ ಬೆಳಿಗ್ಗೆ. ಹನ್ನೊಂದರ ಬಿಸಿಲಿಗೆ ಮುಚ್ಚಿತೆಂದರೆ ಮುಗಿಯಿತು. ನಮ್ಮ ಜೇನುಹುಳಕ್ಕೆ ಇದರ ಬಾಗಿಲು ತೆರೆಯಲು ಬರುದಿಲ್ಲ, ಮನುಷ್ಯರೇ ಪಾಲಿನೇಷನ್ ಮಾಡಬೇಕು. ಎಡಗೈಯಲ್ಲಿ ಹೂ ಹಿಡಿದು, ಹಿಡಿಸೂಡಿ ಪೊರಕೆಯ ಕಡ್ಡಿಯ ತುದಿಯಿಂದ ಒಳಗಿನ ಸಣ್ಣ ಪರದೆ ಎತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಒತ್ತುದು. ಸರಿಯಾಗಿ ಕೂತರೆ ಹೂ ಬಾಡಿದರೂ ಬಳ್ಳಿ ಬಿಡುದಿಲ್ಲ, ಬೀನ್ಸಿನಂಥ ಕೋಡು ಬೆಳೆಯುತ್ತದೆ. ತಪ್ಪಿದರೆ ನಾಳೆಯೋ ನಾಡಿದ್ದೋ ಉದುರಿ ಕಲ್ಲಿನ ಮೇಲೆ ಬಿದ್ದಿರುತ್ತದೆ.

ಆ ಕಾಲದಲ್ಲಿ ಈ ಕೆಲಸಕ್ಕೆ ಕಮಲಾವತಿಯಕ್ಕನನ್ನು ಕರೆದುಕೊಂಡು ಹೋಗಲು ಆಲಂಕಾರಿನಿಂದ ಜೀಪು ಬರುತ್ತಿತ್ತು. ಬೆಳಿಗ್ಗೆ ಎಂಟುನೂರು ಹೂ ಮುಟ್ಟಿದರೆ ಎಂಟು ಉದುರಿದರೆ ಹೆಚ್ಚು.

ಈಗ ಅವರಿಗೆ ಅರವತ್ತೊಂದು. ದೀಪಾವಳಿಯಿಂದ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ನಡುಗುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಅಣ್ಣ ಬೋಜಪ್ಪನಿಗೂ ಹೀಗೇ ಹೆಬ್ಬೆರಳಿನಿಂದಲೇ ಶುರುವಾದದ್ದು. ಕೊನೆಯ ಮೂರು ವರ್ಷ ಅಣ್ಣನಿಗೆ ಗಂಜಿಯನ್ನು ಬೇರೆಯವರು ಚಮಚದಲ್ಲಿ ಬಾಯಿಗೆ ಹಾಕಬೇಕಾಯಿತು. ಆ ಚಮಚ ನೆನಪಾದರೆ ಸಾಕು, ಕಮಲಾವತಿಯಕ್ಕ ಬಲಗೈಯನ್ನು ಸೆರಗಿನೊಳಗೆ ಸೇರಿಸುತ್ತಾರೆ.

ಅದಕ್ಕೆ ಅವರು ತಮ್ಮೊಳಗೇ ಒಂದು ತೀರ್ಮಾನ ಮಾಡಿಕೊಂಡಿದ್ದಾರೆ. ಈ ವರ್ಷ ಒಂದಾದರೂ ಹೂ ನಿಂತರೆ ಕೈಗೆ ಎಂತದೂ ಆಗಿಲ್ಲ. ಎಲ್ಲವೂ ಉದುರಿದರೆ ಅಣ್ಣನ ಕಾಯಿಲೆಯೇ. (ಇದು ಎಂಥ ಪರೀಕ್ಷೆ ಎಂದು ನಗಬೇಡಿ. ಹೆದರಿದವರು ಡಾಕ್ಟರರ ಹತ್ತಿರ ಹೋಗುವ ಮೊದಲು ಇಂಥದ್ದೇ ಮಾಡುದು. ನೀವೂ ಮಾಡಿರಬಹುದು.)

ಈ ವರ್ಷ ಬಿಟ್ಟದ್ದು ಒಂದೇ ಗೊಂಚಲು, ದಿನಕ್ಕೊಂದು ಹೂ. ಒಂಬತ್ತು ಉದುರಿ ಹೋದವು. ಇವತ್ತಿನದು ಕೊನೆಯದು.

೩.

"ಕೊನೆಯದು ಅಂತ ಯಾರು ಹೇಳಿದ್ದು?" ಕಮಲಾವತಿಯಕ್ಕ ಗೊಂಚಲು ಎತ್ತಿ ತೋರಿಸಿದರು. "ಇನ್ನೂ ಎರಡು ಮೊಗ್ಗು ಉಂಟು."

"ಕೊನೆಯ ಹೂ ಅಂದರೆ ಕಥೆಗೆ ಒಂದು ಟೆನ್ಶನ್ ಇರ್ತದೆ ಅಕ್ಕ," ಎಂದೆ.

"ನನಗಿರುವ ಟೆನ್ಶನ್ ಸಾಲದಾ ನಿಮಗೆ? ಗಂಟೆ ಎಷ್ಟು?"

"ಒಂಬತ್ತೂಮುಕ್ಕಾಲು."

"ವಸಂತ ಬಂತು, ಬರ್ಲಿಲ್ಲ ಅಂತ ಅರ್ಧ ಗಂಟೆ ತಿಂದಿರಿ ನೀವು. ಕಡ್ಡಿ ಎಲ್ಲಿ?"

(ಕಡ್ಡಿಯನ್ನು ಅವರ ಕೈಗೆ ಕೊಡಲು ಮರೆತೇಬಿಟ್ಟಿದ್ದೆ. ಈಗ ಕೊಟ್ಟೆ. ಇನ್ನೊಂದು ತಪ್ಪೊಪ್ಪಿಗೆ: ಇವರ ಮನೆಮಾತು ಅರೆಭಾಷೆ. ನನಗೆ ನೆಟ್ಟಗೆ ಬರುದಿಲ್ಲ, ಹಾಗಾಗಿ ಎಲ್ಲರೂ ನನ್ನ ಕನ್ನಡ ಮಾತಾಡುತ್ತಿದ್ದಾರೆ. ಅವರಿಗೂ ಇದು ಅಷ್ಟು ಹಿಡಿಸಿಲ್ಲ.)

೪.

ಮಗ ಹರ್ಷಿತ್ ಕಡಬದಲ್ಲಿ ಯಾರದ್ದೋ ಪಂಪು ರಿಪೇರಿಗೆ ಹೋಗಿದ್ದಾನೆ. ಸೊಸೆ ಶರ್ಮಿಳಾಳನ್ನು ನಾನೇ ಸುಳ್ಯದ ಬಸ್ಸಿಗೆ ಹತ್ತಿಸಿದ್ದೇನೆ. ಕೈ ನಡುಗುದು ಯಾರೂ ನೋಡಬಾರದಲ್ಲ, ಅದಕ್ಕೆ.

ಸೊಸೆಯ ಮೇಲೆ ಅತ್ತೆಗೆ ಒಂದು ದೂರು ಉಂಟು. ಈಚೆಗೆ ಕಾಫಿ ಕೊಡುದು ಅರ್ಧ ಲೋಟ. "ಹಟ್ಟಿಯಲ್ಲಿ ಎರಡು ದನ ಉಂಟು, ನನಗೆ ಮಾತ್ರ ಅರ್ಧ ಲೋಟ!" ಎಂದು ಪಕ್ಕದ ಮನೆಯ ಸುಪ್ರಿತಾಳ ಹತ್ತಿರ ಹೇಳಿಯೂ ಆಗಿದೆ. (ಕಥೆಗೆ ಸ್ವಲ್ಪ ಉಪ್ಪುಖಾರ ಇರಲಿ ಎಂದು ಸೇರಿಸಿದ್ದು. ಬೇರೆ ಅರ್ಥ ಎಂತದೂ ಇಲ್ಲ.)

ಕಮಲಾವತಿಯಕ್ಕ ಹೂ ಹಿಡಿದರು, ಕಡ್ಡಿ ಎತ್ತಿದರು. ಹೆಬ್ಬೆರಳು ಶುರು ಮಾಡಿತು. ಕಡ್ಡಿಯ ತುದಿ ಹೂವಿನ ಬಾಯಿಗೆ ಹೋಗುವ ಬದಲು ಎಸಳಿಗೆ ಚುಚ್ಚಿತು. ಕೈ ಇಳಿಸಿ, ಸೆರಗಿಗೆ ಒರೆಸಿ, ಉಸಿರು ಬಿಗಿ ಹಿಡಿದು ಪುನಃ ಎತ್ತಿದರು. ಪುನಃ ಅದೇ. ಬಿಸಿಲು ಒಗೆಯುವ ಕಲ್ಲಿನವರೆಗೆ ಬಂದಿತ್ತು.

"ನಿಲ್ಲಿಸಿ ಇದನ್ನು," ಎಂದು ನನ್ನತ್ತ ತಿರುಗಿದರು. "ನೀವೇ ಅಲ್ವಾ ಬರೆದದ್ದು? ಅಳಿಸಿ!"

ಅಳಿಸಬಹುದು. ಒಂದು ವಾಕ್ಯ ತಾನೆ. ಬೆರಳನ್ನು ಬ್ಯಾಕ್‌ಸ್ಪೇಸ್ ಮೇಲೆ ಇಟ್ಟೆ.

"ಅಣ್ಣನದ್ದನ್ನೂ ಅಳಿಸ್ತೀರಾ?" ಎಂದು ಮೆಲ್ಲಗೆ ಕೇಳಿದರು.

ಬೋಜಪ್ಪ ತೀರಿಕೊಂಡಾಗಿದೆ, ನೀವೂ ಓದಿ ಆಗಿದೆ. ಬ್ಯಾಕ್‌ಸ್ಪೇಸ್ ಮೇಲಿನಿಂದ ಬೆರಳು ತೆಗೆದೆ. ಗಂಟೆ ಹತ್ತೂವರೆ.

೫. ಮುಕ್ತಾಯಗಳು, ಬೇಕಾದ್ದು ತೆಗೆದುಕೊಳ್ಳಿ

(ಅ) ಕೈ ಒಮ್ಮೆಲೇ ನೆಟ್ಟಗಾಗುತ್ತದೆ. ಹೂ ನಿಲ್ಲುತ್ತದೆ. ಹಕ್ಕಿ ಕೂಗುತ್ತದೆ ಇತ್ಯಾದಿ. (ಛೆ.)

(ಆ) ಹನ್ನೊಂದು ಹೊಡೆಯುತ್ತದೆ, ಹೂ ಮುಚ್ಚುತ್ತದೆ, ಕಮಲಾವತಿಯಕ್ಕ ಕಲ್ಲಿನ ಮೇಲೆ ಕೂತು ದೂರ ನೋಡುತ್ತಾರೆ. (ಬಹುಮಾನ ಬರುವ ಕಥೆ.)

(ಇ) ಬರೆಯಲು ಅವರು ಬಿಡಲಿಲ್ಲ.

"ಶರ್ಮಿಳಾಳನ್ನು ಕರೀರಿ," ಎಂದರು.

"ಅವಳು ಬಸ್ಸಲ್ಲಿದ್ದಾಳೆ ಅಕ್ಕ."

"ಬಸ್ಸು ತಪ್ಪಿತು ಅಂತ ಬರೀರಿ. ನಮ್ಮ ಊರಲ್ಲಿ ಅದನ್ನು ಯಾರೂ ಸುಳ್ಳು ಅನ್ನುದಿಲ್ಲ."

"ಬಂದರೆ ಅವಳಿಗೆ ಕೈ ಗೊತ್ತಾಗ್ತದೆ."

"ಗೊತ್ತಾಗಲಿ! ನನಗೆ ಹೆದರಿಕೆ ಅಂತ ಹೂವನ್ನು ಸಾಯಿಸುದಾ? ಬೇಗ ಮಾರಾಯ್ರೆ, ಬಾಯಿ ಮುಚ್ಚುತ್ತಾ ಉಂಟು ಅದು."

೬.

ಶರ್ಮಿಳಾಳಿಗೆ ಬಸ್ಸು ತಪ್ಪಿತು. ಗೊಣಗುತ್ತಾ ಬಂದವಳು ಬ್ಯಾಗನ್ನು ಕಲ್ಲಿನ ಮೇಲಿಟ್ಟಳು. ಕಮಲಾವತಿಯಕ್ಕ ನಾಲ್ಕು ತಿಂಗಳಿಂದ ಸೆರಗಿನೊಳಗೆ ಇಟ್ಟಿದ್ದ ಕೈಯನ್ನು ಹೊರಗೆ ತೆಗೆದು ಅವಳ ಮುಂದೆ ಚಾಚಿದರು. ಹೆಬ್ಬೆರಳು ನಡುಗುತ್ತಾ ಇತ್ತು.

"ನಂಗೆ ಗೊತ್ತುಂಟು ಅತ್ತೆ," ಎಂದಳು ಶರ್ಮಿಳಾ. "ದೀಪಾವಳಿಯಿಂದ ಗೊತ್ತುಂಟು. ಲೋಟ ತುಂಬಿಸಿ ಕೊಟ್ಟರೆ ನಿಮ್ಮ ಕೈ ಮೇಲೆ ಚೆಲ್ತಿತ್ತಲ್ಲ? ಅದಕ್ಕೇ ಅರ್ಧ ಕೊಡುದು. ನೀವಾಗಿ ಹೇಳ್ತೀರಿ ಅಂತ ಕಾದೆ."

(ಇದು ನಾನು ಬರೆದದ್ದಲ್ಲ. ಅರ್ಧ ಲೋಟಕ್ಕೆ ಬೇರೆ ಅರ್ಥ ಇಲ್ಲ ಎಂದು ಮೇಲೆ ಜಂಭದಿಂದ ಹೇಳಿಕೊಂಡಿದ್ದೇನೆ. ನಾಚಿಕೆ ಆಗುತ್ತದೆ, ಆದರೆ ಹೊಡೆದು ಹಾಕುದಿಲ್ಲ.)

ಕಮಲಾವತಿಯಕ್ಕನಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. "ಸುಪ್ರಿತಾಳ ಹತ್ತಿರ ಎಂತೆಲ್ಲ ಹೇಳಿ ಇಟ್ಟಿದ್ದೇನೆ ಮಾರಾಯ್ತಿ!"

"ಅದೂ ಗೊತ್ತುಂಟು."

"ಸರಿ, ಅಳುದು ಆಮೇಲೆ. ಕಡ್ಡಿ ಹಿಡಿ."

ಹನ್ನೊಂದಕ್ಕೆ ಹತ್ತು ನಿಮಿಷ. ಹೂವಿನ ಅಂಚು ಮಡಚಿಕೊಳ್ಳುತ್ತಾ ಇತ್ತು. "ಹರೀಬೇಡ, ಎತ್ತು. ಪರದೆ ಕಂಡಿತಾ? ಅದರ ಅಡಿಯಿಂದ. ಈಗ ಹೆಬ್ಬೆರಳು. ಮೆಲ್ಲ, ಮೆಲ್ಲ... ಒತ್ತು. ಸಾಕು!"

ಶರ್ಮಿಳಾಳ ಕೈಯೂ ನಡುಗುತ್ತಿತ್ತು. ಅದು ಹೆದರಿಕೆಗೆ.

೭.

ಹೂ ಮುಚ್ಚಿತು. ನಾನು ಬೇಗ ಬೇಗ ಮುಂದಿನ ಸಾಲು ಬರೆಯಲು ಹೊರಟೆ: "ಮರುದಿನ ಬೆಳಿಗ್ಗೆ ಒಗೆಯುವ ಕಲ್ಲಿನ ಮೇಲೆ"

"ಬೇಡ," ಎಂದರು ಕಮಲಾವತಿಯಕ್ಕ. "ಬಿದ್ದರೂ ನಿಂತರೂ ನಾವೇ ನೋಡ್ತೇವೆ. ನಾಳೆ ಫಸ್ಟ್ ಬಸ್ಸಿಗೆ ಇವಳ ಜೊತೆ ಡಾಕ್ಟರರ ಹತ್ತಿರ ಹೋಗುದುಂಟು. ಆ ಬಸ್ಸನ್ನು ಮಾತ್ರ ತಪ್ಪಿಸಬೇಡಿ."

"ಡಾಕ್ಟರು ಎಂತ ಹೇಳ್ತಾರೆ ಅಂತ..." ಎಂದು ನಾನು ರಾಗ ಎಳೆದೆ.

"ನಿಮಗೆ ಗೊತ್ತುಂಟಾ?"

"ಇಲ್ಲ."

"ಮತ್ತೆ ಸುಮ್ಮನೆ ಕೂತುಕೊಳ್ಳಿ."

ಕೂತೆ. ಶರ್ಮಿಳಾ ಒಳಗೆ ಹೋಗಿ ಕಾಫಿ ಮಾಡಿ ಪಾತ್ರೆ ಸಮೇತ ತಂದಳು. ಅತ್ತೆಗೆ ಅರ್ಧ ಲೋಟ ಹಾಕಿದಳು. ಕಮಲಾವತಿಯಕ್ಕ ಎರಡೂ ಕೈಯಲ್ಲಿ ಹಿಡಿದು, ಗೊಂಚಲನ್ನು ನೋಡುತ್ತಾ, ಒಂದು ತೊಟ್ಟೂ ಚೆಲ್ಲದೆ ಕುಡಿದರು. ಕುಡಿದು ಲೋಟವನ್ನು ಮುಂದೆ ಚಾಚಿದರು.

"ಇನ್ನರ್ಧ ಹಾಕು."