ಅಲುಗಾಡಿದವಳ ಪ್ರಭೆ

ಗೋಡೆಯ ಮೇಲೆ ಬುಗುರಿಯಕ್ಕ ಮೂಡಿದ್ದೇ ತಡ, ಕತ್ತಲು ಮಾಡಿದ ಸಭಾಂಗಣದಲ್ಲಿ ಯಾರೋ ‘ಹಾ’ ಎಂದು ಉಸಿರೆಳೆದುಕೊಂಡರು. ಪರದೆಗಳ ಸಂದಿಯಿಂದ ಮಧ್ಯಾಹ್ನದ ಬಿಸಿಲು ಸೂಜಿಯಂತೆ ತೂರುತ್ತಿತ್ತು. ಗೋಡೆಯ ಮೇಲಿನ ಪಟದಲ್ಲಿ, ಕಪ್ಪು ಬಟ್ಟೆಯ ಮುಂದೆ, ಬಿಳಿ ಅಂಗಿ ತೊಟ್ಟ ದಪ್ಪನೆಯ ಅಡುಗೆ ಹೆಂಗಸು. ಅವಳ ಒಂದು ಮಗ್ಗುಲಿಗೆ ಕೆಂಪು ಅಂಚು, ಇನ್ನೊಂದಕ್ಕೆ ನೀಲಿ, ತಲೆಗೆ ಸುತ್ತಿದ ಬಟ್ಟೆಯ ಮೇಲೆ ಹಸಿರು ಜ್ವಾಲೆ.

ಗೋಡೆಗೆ ಪಟ ಬಿಡುವ ದೀಪದ ಪೆಟ್ಟಿಗೆಯ ಪಕ್ಕ ನಿಂತಿದ್ದ ಫೋಟೋದವನ ತಂಗಿಗೆ ತಪ್ಪು ಎಲ್ಲಿಯದೆಂದು ಕೂಡಲೇ ಗೊತ್ತಾಯಿತು. ಪಟ ಮೂಡುವ ಆ ಗಾಜಿನ ಪ್ಲೇಟುಗಳನ್ನು ತೊಳೆದವಳು ಅವಳೇ. ಬಣ್ಣದ ಪಟವೆಂದರೆ ಒಬ್ಬೊಬ್ಬರಿಗೂ ಮೂರು ಪ್ಲೇಟು, ಒಂದು ಕೆಂಪು ಗಾಜಿನ ಮೂಲಕ, ಒಂದು ಹಸಿರು, ಒಂದು ನೀಲಿ. ಆಮೇಲೆ ಮೂರನ್ನೂ ಅದೇ ಬಣ್ಣದ ಬೆಳಕಲ್ಲಿ ಗೋಡೆಗೆ ಒಂದರ ಮೇಲೊಂದು ಬಿಟ್ಟರೆ ಮನುಷ್ಯ ಮೈಬಣ್ಣ ಸಮೇತ ಎದ್ದು ಬರುತ್ತಾನೆ. ಮೂರೂ ಮುಗಿಯುವ ತನಕ ಕೂತವರು ಮಿಸುಕಬಾರದು, ಅಷ್ಟೇ. ಮಿಸುಕಿದರೆ ಬಣ್ಣಗಳು ಸರಿಯಾಗಿ ಕೂರದೆ ಅಂಚಿನಾಚೆ ಇಣುಕುತ್ತವೆ.

ಸಭೆಯಲ್ಲಿ ಕೂತಿದ್ದ ಧ್ಯಾನ ಮಂಡಳಿಯವರ ಲೆಕ್ಕ ಬೇರೆ. ಪ್ರತಿಯೊಬ್ಬರ ದೇಹದ ಸುತ್ತ ಒಂದು ಪ್ರಭೆ ಇರುತ್ತದೆ, ಅದರ ಬಣ್ಣದಲ್ಲೇ ಆತ್ಮದ ಯೋಗ್ಯತೆ ಇದೆ ಎಂಬುದು ಅವರ ನಂಬಿಕೆ. ಇದುವರೆಗೆ ಅದು ಅಧ್ಯಕ್ಷರ ಕಣ್ಣಿಗೆ ಮಾತ್ರ ಕಾಣುತ್ತಿತ್ತು. ಎಲ್ಲರಿಗೂ ಕಾಣಲಿ ಎಂದೇ ಅಣ್ಣನನ್ನು ಕರೆಸಿದ್ದರು. ಧ್ಯಾನದಲ್ಲಿ ಪಳಗಿದ ಸದಸ್ಯರು ಕಲ್ಲುಗುಂಡಿನಂತೆ ಕೂತುಬಿಟ್ಟಿದ್ದರು. ಅವರ ಪಟಗಳಲ್ಲಿ ಮೂಗಿತ್ತು, ಮೀಸೆಯಿತ್ತು, ಅಧ್ಯಕ್ಷರ ಕೆನ್ನೆಯ ನರುಲಿಯೂ ಇತ್ತು. ಪ್ರಭೆ ಮಾತ್ರ ಔಷಧಕ್ಕೂ ಇರಲಿಲ್ಲ. ಅಡುಗೆಯವಳದ್ದೂ ಒಂದಿರಲಿ ಎಂದು ದೊಡ್ಡ ಮನಸ್ಸು ಮಾಡಿ ಕೂರಿಸಿದ್ದರು. ಅವಳಿಗೆ ಕೂತು ಗೊತ್ತಿದ್ದರೆ ತಾನೇ? ಸದಾ ಸುತ್ತುತ್ತಾಳೆಂದು ಬುಗುರಿ ಎಂದು ಹೆಸರಿಟ್ಟವರೂ ಇವರೇ.

“ಅಂತೂ ಒಂದು ಪ್ರಭೆ ಸಿಕ್ಕಿತು!” ಹಿಂದಿನ ಸಾಲಿನಲ್ಲೊಬ್ಬರು ಹಿಗ್ಗಿದರು.

“ಅವಳಿಗಾ?” ಪಕ್ಕದವರು ಕೇಳಿದರು.

ಆ ‘ಅವಳಿಗಾ’ ಇಡೀ ಸಭೆಯನ್ನು ಒಂದು ಸುತ್ತು ಹಾಕಿ ಅಧ್ಯಕ್ಷರ ಮುಖದ ಮೇಲೆ ಬಂದು ಕೂತಿತು. ಅವರು ಗಂಟಲು ಸರಿಮಾಡಿಕೊಂಡರು. “ನಿರ್ಮಲವಾದ ಪ್ರಭೆ ಗಾಜಿಗೆ ಸಿಗೋವಷ್ಟು ಅಗ್ಗ ಅಲ್ಲ. ಸಿಗೋದು ಕೀಳಾದದ್ದು ಮಾತ್ರ. ಕೆಂಪು ಕ್ರೋಧ. ಹಸಿರು ಹೊಟ್ಟೆಕಿಚ್ಚು. ಇಷ್ಟು ವರ್ಷ ಈ ಕೈಯಡುಗೆ ಉಂಡಿದ್ದೀವಲ್ಲ ನಾವು! ಸಾಕು, ಅಡುಗೆಗೆ ಬೇರೆ ಯಾರನ್ನಾದರೂ ನೋಡೋಣ.”

ಆಗಷ್ಟೇ ಊಟ ಮುಗಿಸಿ ಬಂದಿದ್ದವರು ಹೊಟ್ಟೆ ಮುಟ್ಟಿ ನೋಡಿಕೊಂಡರು.

“ಅದು ಪ್ರಭೆ ಅಲ್ಲ ಸ್ವಾಮಿ,” ತಂಗಿಯ ಬಾಯಿಂದ ಬಂದೇಬಿಟ್ಟಿತು. ಅಣ್ಣ ಕತ್ತಲಲ್ಲೇ ಅವಳ ತೋಳು ಚಿವುಟಿದ. “ಅಕ್ಕ ಅಲುಗಾಡಿದಾರೆ, ಅಷ್ಟೇ. ಯಾರು ಅಲುಗಾಡಿದ್ರೂ ಹೀಗೇ ಬರೋದು.”

ಅಧ್ಯಕ್ಷರು ನಕ್ಕರು. ಮಗುವಿಗೆ ತುತ್ತಿಡುವವರ ನಗು. “ಸರಿಯಮ್ಮ. ಯಾಕೆ ಅಲುಗಾಡಿದಳು? ಒಳಗೆ ಶಾಂತಿ ಇದ್ದಿದ್ರೆ ಅಲುಗಾಡ್ತಿದ್ದಳಾ?”

ಗೋಡೆಗೆ ತಲೆ ಚಚ್ಚಿಕೊಂಡರೆ ಗೋಡೆಗೇನು ನೋವು. ಅವಳಿಗೆ ತೋಚಿದ್ದು ಒಂದೇ: “ಇನ್ನೊಂದ್ಸಲ ತೆಗೀತೀವಿ. ಬಣ್ಣ ಬರದೇ ಇದ್ರೆ ಅಕ್ಕನ್ನ ಕೆಲಸದಲ್ಲಿ ಇಟ್ಕೋತೀರಾ?”

“ಬರದಿದ್ರೆ ಅವಳು ಇರಲಿ,” ಎಂದರು ಅಧ್ಯಕ್ಷರು.

ಮಾರನೆಯ ಬೆಳಿಗ್ಗೆ ಗಾಜಿನ ಮಾಡಿನ ಸ್ಟುಡಿಯೋಗೆ ಬುಗುರಿಯಕ್ಕ ಬಂದಾಗ ಅಣ್ಣ ಮೂಲೆಯಿಂದ ಕಬ್ಬಿಣದ ಸ್ಟ್ಯಾಂಡು ಎಳೆದು ತರುತ್ತಿದ್ದ. ಹಿಂದಿನಿಂದ ಕುತ್ತಿಗೆ ಹಿಡಿದು ನಿಲ್ಲಿಸುವ ಇಕ್ಕಳ ಅದು. ಅವಳು ಅದನ್ನೊಮ್ಮೆ, ತಂಗಿಯನ್ನೊಮ್ಮೆ ನೋಡಿದಳು.

“ನಾನೇನು ನಿನ್ನ ಕೇಳಿದ್ನಾ ತಾಯಿ?”

“ಕೆಲಸ ಹೋಗ್ತಿತ್ತು ಅಕ್ಕಾ.”

“ಹೋದ್ರೆ ಕೆಲಸ ಹೋಗ್ತಿತ್ತು. ಈಗ ನೋಡು, ನಾನು ಕೆಟ್ಟವಳಲ್ಲ ಅಂತ ನಾನೇ ರುಜುವಾತು ಮಾಡ್ಬೇಕು. ಅದೂ ಕುತ್ತಿಗೆ ಒಪ್ಪಿಸಿ.” ಕುರ್ಚಿಯಲ್ಲಿ ಕೂತು, ಒಮ್ಮೆಲೇ ನಕ್ಕಳು. “ಅವರೆಲ್ಲ ಕಲ್ಲಿನ ಹಾಗೆ ಕೂರ್ತಾರಲ್ಲ, ಯಾಕೆ ಗೊತ್ತಾ? ಎದ್ದು ಒಂದು ಲೋಟ ನೀರು ತಗೊಂಡವರಲ್ಲ. ಕೂತಲ್ಲಿಗೇ ನಾನು ಒಯ್ದು ಕೊಡ್ಬೇಕು. ಅವರ ಶಾಂತಿನೆಲ್ಲ ಹೊತ್ಕೊಂಡು ಓಡಾಡಿದೋಳು ನಾನು.” ಆಮೇಲೆ ದನಿ ತಗ್ಗಿಸಿದಳು. “ಹಾಕು. ಅಳಿಯ ಹಾಸಿಗೆ ಹಿಡಿದಿದಾನೆ, ಮಗಳು ಬಸುರಿ. ಕೂರ್ತೀನಿ.”

ತಂಗಿ ಇಕ್ಕಳದ ಬಾಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ ಅವಳ ಕುತ್ತಿಗೆಗೆ ಸಿಗಿಸಿದಳು. ತಿರುಪನ್ನು ಸಾಕಾಗುವಷ್ಟೇ ಬಿಗಿದಳು.

ಸಾಕ್ಷಿಗೆಂದು ಬಂದ ಅಧ್ಯಕ್ಷರು ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿದರು. ಅಣ್ಣ ಅವರ ಹಿಂದೆ ನಿಂತ. ತಂಗಿ ಕೆಂಪು ಗಾಜು ಏರಿಸಿ ಕ್ಯಾಮೆರಾದ ಮುಚ್ಚಳ ತೆಗೆದಳು. ಬುಗುರಿಯಕ್ಕ ರೆಪ್ಪೆ ಸಹ ಅಲುಗಿಸಲಿಲ್ಲ.

“ನೋಡಿದಿರಾ,” ಅಧ್ಯಕ್ಷರು ಅಣ್ಣನಿಗೆ ಸಂತೋಷದಿಂದ ಹೇಳಿದರು, “ಹೊಟ್ಟೆಪಾಡಿನ ಹೆದರಿಕೆ ಹುಟ್ಟಿಸಿದ್ರೆ ಇಂಥವರಿಗೂ ಶಾಂತಿ ಬರುತ್ತೆ.”

ಕ್ಯಾಮೆರಾಕ್ಕೆ ಮುಚ್ಚಳ ಬಿತ್ತು. ತಂಗಿ ಪ್ಲೇಟು ಬದಲಿಸಿದಳು, ಹಸಿರು ಗಾಜು ಇಟ್ಟಳು.

“ಆಯ್ತಾ?” ಬುಗುರಿಯಕ್ಕ ಕೇಳಿದಳು.

“ಇನ್ನೂ ಎರಡಿದೆ ಅಕ್ಕಾ.”

“ನಂಗೆ ಆಯ್ತು.”

ಕೈ ಹಿಂದೆ ಮಾಡಿ ತಾನೇ ತಿರುಪು ಸಡಿಲಿಸಿದಳು. ಎದ್ದಳು. ಅಂಗಿಯ ಸುಕ್ಕು ಕೊಡವಿಕೊಂಡಳು. “ಅಧ್ಯಕ್ಷರೇ, ಇವತ್ತಿಂದ ಒಲೆ ನೀವೇ ನೋಡ್ಕೊಳ್ಳಿ. ನಿಮ್ಮ ಪ್ರಭೆ ಇದೆಯಲ್ಲ, ಹೊತ್ತಿಸ್ಕೊಳ್ಳಿ.”

ಮೆಟ್ಟಿಲ ಮೇಲೆ ಅವಳ ಭಾರವಾದ ಹೆಜ್ಜೆ ಅವಸರವಿಲ್ಲದೆ ಇಳಿದುಹೋಯಿತು.

“ಎತ್ತಿಡು ಎಲ್ಲಾ,” ಅಣ್ಣ ಹಲ್ಲು ಕಚ್ಚಿ ಹೇಳಿದ. “ಸುಮ್ನೆ ಪ್ಲೇಟು ದಂಡ.”

ತಂಗಿ ಎತ್ತಿಡಲಿಲ್ಲ. ಖಾಲಿ ಕುರ್ಚಿಗೆ ಮುಖ ಮಾಡಿದ್ದ ಕ್ಯಾಮೆರಾದ ಮುಚ್ಚಳ ತೆಗೆದಳು. ಎಂದಿನಂತೆ ತುಟಿಯೊಳಗೇ ಎಣಿಸಿ ಮುಚ್ಚಿದಳು. ಪ್ಲೇಟು ಬದಲಿಸಿ, ನೀಲಿ ಗಾಜಿಟ್ಟು ಮತ್ತೆ ತೆಗೆದಳು.

“ಯಾರಿದಾರೆ ಅಲ್ಲಿ?” ಅಧ್ಯಕ್ಷರು ಕೇಳಿದರು. “ಯಾರ ಪಟ ತೆಗೀತಿದ್ದೀಯಮ್ಮ?”

“ಸ್ವಲ್ಪ ಅಲುಗಾಡದೆ ಕೂತ್ಕೊಳ್ಳಿ ಸ್ವಾಮಿ, ನೆಲ ಅದುರುತ್ತೆ,” ಎಂದಳು.

ಮಾರನೆಯ ಸಂಜೆ ಪ್ಲೇಟುಗಳು ಒಣಗಿದ ಮೇಲೆ ಸ್ಟುಡಿಯೋದ ಗೋಡೆಗೇ ಬೆಳಕು ಬಿಟ್ಟಳು. ಬುಗುರಿಯಕ್ಕ ಕೂತದ್ದು ಕೆಂಪು ಗಾಜಿಗೆ ಮಾತ್ರ, ಹಾಗಾಗಿ ಅವಳ ಅಂಗಿ, ಮುಖ, ಮಡಿಲಲ್ಲಿಟ್ಟ ಎರಡು ಕೈ, ಎಲ್ಲ ಒಂದೇ ಕೆಂಪು. ಅವಳ ಮೈಯ ಮೂಲಕ ಕುರ್ಚಿಯ ಬೆನ್ನಿನ ಪಟ್ಟಿಗಳು ಒಂದೊಂದಾಗಿ ಕಾಣುತ್ತಿದ್ದವು. ಅಂಚು ಎಲ್ಲೂ ಕದಲಿರಲಿಲ್ಲ.

ಅಣ್ಣ ಬಾಗಿಲಲ್ಲಿ ಬಂದು ನಿಂತ. “ಇದನ್ನ ಯಾರಿಗೆ ತೋರಿಸ್ತೀಯೇ?” ಎಂದ. ಬೈಗುಳದ ದನಿ ಇರಲಿಲ್ಲ.

ಅವಳು ಬಗ್ಗಿ, ಕೆಂಪು ದೀಪದ ಬತ್ತಿಯನ್ನು ಇನ್ನಷ್ಟು ಮೇಲೆತ್ತಿದಳು.