ಸೊಟ್ಟ ತಟ್ಟೆಯ ಜಾಗ

ಹಲಗೆ ಕೊಯ್ಯುವ ಮೊದಲು ಎರಡೆರಡು ಸಲ ಅಳೆಯುವುದು ತಂಗಿಯ ಅಭ್ಯಾಸ. ಅಡುಗೆಮನೆಯ ಗೋಡೆಗೆ ತಟ್ಟೆಯ ಸ್ಟ್ಯಾಂಡು ಮಾಡುವಾಗ ಅದೂ ಸಾಲದೆನಿಸಿತು. ಅದರಲ್ಲಿ ಕೂರಬೇಕಾದವು ಅಮ್ಮನ ಆರು ತಟ್ಟೆಗಳು.

ಅಮ್ಮ ಪಿಂಗಾಣಿ ಕಾರ್ಖಾನೆಯಲ್ಲಿ ಬಣ್ಣ ಬರೆಯುತ್ತಿದ್ದಳು. ಭಟ್ಟಿಯಲ್ಲಿ ಸೊಟ್ಟಗಾಗಿ ಮೂಲೆಗೆ ಬಿದ್ದ ತಟ್ಟೆಗಳನ್ನು ಮನೆಗೆ ತಂದು, ಮನಸ್ಸಿಗೆ ಬಂದದ್ದನ್ನು ಬರೆದಳು: ಹಕ್ಕಿ, ಮೀನು, ಕಿಟಕಿಯಲ್ಲಿ ಮಲಗಿದ ಬೆಕ್ಕು. ಅವಳು ತೀರಿಹೋದ ಮೇಲೆ ಅವು ಅಕ್ಕನ ಮನೆ ಸೇರಿದವು. "ನಿಂದು ಅಂತ ಒಂದು ಮನೆ ಆಗ್ಲಿ, ಎಲ್ಲಾ ನಿಂಗೇ" ಎಂದಿದ್ದಳು ಅಕ್ಕ.

ಮನೆಯಾಯಿತು. ತಂಗಿ ಅಳತೆ ಕೇಳಿದಾಗ ಅಕ್ಕ ಪ್ರತಿ ತಟ್ಟೆಯನ್ನೂ ಕಾಗದದ ಮೇಲೆ ಬೋರಲು ಹಾಕಿ, ಸುತ್ತ ಪೆನ್ಸಿಲ್ ಎಳೆದು ಕಳಿಸಿದಳು. ಆ ವೃತ್ತಗಳ ಅಳತೆಗೆ ತಂಗಿ ಎರಡು ಅಡ್ಡಹಲಗೆಗಳಲ್ಲಿ ತಟ್ಟೆಯ ಅಂಚು ಕೂರಲು ಉಳಿಯಿಂದ ಕಾಲುವೆ ತೋಡಿದಳು, ತಟ್ಟೆ ಮುಂದಕ್ಕೆ ಬೀಳದಂತೆ ತೆಳು ಪಟ್ಟಿ ಹೊಡೆದಳು. ತಟ್ಟೆ ಎಷ್ಟು ಸೊಟ್ಟ ಎಂದು ಕಾಗದ ಹೇಳುವುದಿಲ್ಲ. ಆದರೆ ಊಟದ ಮೇಜಿನ ಮೇಲೆ ಹಕ್ಕಿಯ ತಟ್ಟೆ ಟಕಟಕ ಕುಣಿಯುತ್ತಿದ್ದುದು ಅವಳಿಗೆ ನೆನಪಿತ್ತು. ಅದರ ಜಾಗದಲ್ಲಿ ಮಾತ್ರ ಕಾಲುವೆಯನ್ನು ಅಗಲಿಸಿದಳು.

ಭಾನುವಾರ ಅಕ್ಕ ಪೆಟ್ಟಿಗೆ ಹೊತ್ತು ಬಂದಳು.

"ನಿನ್ನ ಮರಗೆಲಸ ನೋಡಿ ಗೋಡೆಗೇ ಭಯ ಆಗಿರ್ಬೇಕು ಕಣೆ."

"ಗೋಡೆ ಗಟ್ಟಿ ಇದೆ. ನೀನು ಮೆಲ್ಲಗೆ ಬಿಚ್ಚು."

ಮೀನು ಕೂತಿತು, ಬೆಕ್ಕು ಕೂತಿತು. ಹಕ್ಕಿ ಮಾತ್ರ ಅಗಲದ ಕಾಲುವೆಯಲ್ಲಿ ಸಡಿಲವಾಗಿ ಅಲ್ಲಾಡಿತು. ತಂಗಿ ಮೊದಲು ತನ್ನ ಉಳಿಯನ್ನೇ ಅನುಮಾನಿಸಿದಳು. ಆಮೇಲೆ ತಟ್ಟೆಯನ್ನು ತೆಗೆದು ಮೇಜಿನ ಮೇಲಿಟ್ಟು ಅಂಚನ್ನು ಬೆರಳಿನಿಂದ ಒತ್ತಿದಳು. ಸದ್ದಿಲ್ಲ. ಸುತ್ತಲೂ ಒತ್ತಿದಳು. ತಟ್ಟೆ ಕಮಕ್ ಕಿಮಕ್ ಅನ್ನಲಿಲ್ಲ.

"ಅಕ್ಕಾ, ಇದು ಅಮ್ಮಂದಲ್ಲ."

"ಏನೇನೋ ಹೇಳ್ಬೇಡ."

"ಅಮ್ಮಂದು ಕುಣಿಯೋದು."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಒಬ್ರು ಚಿತ್ರ ಬರಿಯೋರಿಗೆ ಹೇಳಿ ಹೊಸ ತಟ್ಟೆ ಮೇಲೆ ಬರೆಸ್ದೆ" ಎಂದಳು ಕೊನೆಗೆ. "ನೋಡೋಕೆ ಒಂದೇ ಥರ ಇಲ್ವಾ?"

"ಎಲ್ಲಾನೂ?"

"ಹೂಂ."

"ಮೊದಲಿಂದ್ಲೂ ಕೊಡೋ ಮನಸ್ಸಿರ್ಲಿಲ್ವಾ?"

"ಇತ್ತು ಕಣೆ. ನೀನು ಅಳತೆ ಕೇಳ್ದೆ. ಒಂದೊಂದನ್ನೂ ಕೈಯಲ್ಲಿ ಹಿಡಿದು ಗೆರೆ ಎಳಿತಾ ಕೂತೆ. ಅಷ್ಟು ವರ್ಷ ಮನೇಲಿದ್ರೂ ಅವತ್ತೇ ಸರಿಯಾಗಿ ನೋಡಿದ್ದು. ಆಮೇಲೆ ಕೊಡೋಕೆ ಕೈ ಬರ್ಲಿಲ್ಲ."

"ಕೊಡಲ್ಲ ಅಂತ ಹೇಳ್ಬಹುದಿತ್ತು."

"ಹೇಳಿದ್ರೆ ಸುಮ್ನಿರ್ತಿದ್ಯಾ?"

ತಂಗಿ ಯೋಚಿಸಿದಳು. ಇರುತ್ತಿದ್ದೆ ಎನ್ನಲು ಧೈರ್ಯವಾಗಲಿಲ್ಲ. ಜಗಳವಾಡಿ, ಅತ್ತು, ಕೊನೆಗೆ ಬಹುಶಃ ಮೂರು ಮೂರು ಹಂಚಿಕೊಳ್ಳುತ್ತಿದ್ದರು. ಅದು ಅಕ್ಕತಂಗಿಯರ ಜಗಳ. ಇದು ಹಾಗಲ್ಲ. ತಾನು ರಜೆಯ ದಿನಗಳನ್ನೆಲ್ಲ ಮರದ ಪುಡಿಯಲ್ಲಿ ಕಳೆಯುತ್ತಿದ್ದಾಗ ಅಕ್ಕ ಪರರ ಮನೆಯಲ್ಲಿ ಕೂತು, ಹಕ್ಕಿಗೆ ಇಂಥದೇ ನೀಲಿ ಬೇಕು ಎಂದು ತೋರಿಸುತ್ತಿದ್ದಳು. ಫೋನಿನಲ್ಲಿ ಮಾತ್ರ, "ಎಲ್ಲಿಗೆ ಬಂತೇ ನಿನ್ನ ಸ್ಟ್ಯಾಂಡು?" ಎಂದು ನಗುತ್ತಿದ್ದಳು.

ತಂಗಿ ಒಂದೊಂದಾಗಿ ತಟ್ಟೆಗಳನ್ನು ಇಳಿಸಿ, ಹಳೆಯ ಪೇಪರಿನಲ್ಲೇ ಸುತ್ತಿ ಪೆಟ್ಟಿಗೆಗೆ ತುಂಬಿದಳು.

"ನಾಳೇನೇ ನಿಜವಾದ್ದು ತಂದ್ಕೊಡ್ತೀನಿ, ಆಯ್ತಾ?" ಎಂದಳು ಅಕ್ಕ. ಕಣ್ಣು ತುಂಬಿತ್ತು.

"ತಂದ್ರೂ ಒಂದೊಂದನ್ನೂ ಮೇಜಿನ ಮೇಲಿಟ್ಟು ಒತ್ತಿ ನೋಡ್ತೀನಿ. ನಿನ್ನೆದುರಿಗೇ. ಅದು ನಿಂಗೆ ಬೇಡ, ನಂಗೂ ಬೇಡ."

ಅಕ್ಕ ಪೆಟ್ಟಿಗೆಯನ್ನು ಮಡಿಲಿಗೆಳೆದುಕೊಂಡಳು. ಎದ್ದು ಹೋಗಲಿಲ್ಲ. ತಂಗಿಯೂ ಹೋಗು ಎನ್ನಲಿಲ್ಲ.